ಬಣ್ಣ ಬಿಟ್ಟೈತಿ

ಮೊನ್ನೆ ಬೆಳಿಗ್ಗೆ ನಮ್ಮ ಹಳೆಯ ಸ್ಟೋರ್‌ಕೀಪರ್ ಫೋನ್ ಮಾಡಿ, ಕಾಕಾ ಊರಲ್ಲಿ ತೀರಿಕೊಂಡರಂತೆ ಎಂದರು. ಯಾವ ಕಾಕಾ ಎಂದು ನಾನು ಕೇಳಲಿಲ್ಲ. ಪೀಣ್ಯದ ಆ ಶೆಡ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಕಾಕಾ ಎಂದರೆ ಒಬ್ಬರೇ. ಫೋನ್ ಇಟ್ಟ ಮೇಲೆ ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಬಂದದ್ದು ಸಿಟ್ಟು, ಅದೂ ಅವರ ಮೇಲೋ ನನ್ನ ಮೇಲೋ ಗೊತ್ತಾಗದ ಸಿಟ್ಟು. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಅದರ ಮೇಲೂ ಸಿಟ್ಟು ಮಾಡಿಕೊಂಡೆ.

ಆ ಮನುಷ್ಯರ ವಿಷಯದಲ್ಲಿ ನನಗೆ ಏನನ್ನಿಸಬೇಕು ಎಂಬುದು ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಬರೆದರೆ ಬಗೆಹರಿದೀತು ಎನ್ನುವ ಭ್ರಮೆಯೂ ಇಲ್ಲ. ಆದರೂ ಬರೆಯುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಅವರ ಹೆಸರನ್ನು ನಾನು ಒಮ್ಮೆ ಕೆಡಿಸಿದ್ದೇನೆ, ಅಷ್ಟು ಸಾಕು.

ಕಾಕಾ ಬಣ್ಣಗಾರರು. ಬಾಗಲಕೋಟೆ ಕಡೆಯ ನೇಕಾರರ ಊರೊಂದರಲ್ಲಿ ಮೂವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದವರು. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಾಗ ಬಣ್ಣದ ಮನೆಗೆ ಬೀಗ ಹಾಕಿ, ಆಕೆಯನ್ನು ಕರೆದುಕೊಂಡು ಬೆಂಗಳೂರಿಗೆ ಬಂದರು. ಅವರ ಊರಿನ ಹತ್ತಿರದಲ್ಲೂ ಡಯಾಲಿಸಿಸ್ ಮೆಷಿನ್ ಇತ್ತಂತೆ, ಆದರೆ ಅದಕ್ಕೆ ಬೇಕಾದ ಶುದ್ಧ ನೀರು ಇರಲಿಲ್ಲ. ಒಬ್ಬರ ರಕ್ತ ಒಂದು ಸಲ ತೊಳೆಯಲು ಡ್ರಮ್ಮುಗಟ್ಟಲೆ ನೀರು ಬೇಕು. ಟ್ಯಾಂಕರ್ ಬಾರದ ದಿನ ಮೆಷಿನ್ನಿಗೂ ರಜಾ. ಹಾಗಾಗಿ ಪೀಣ್ಯದಲ್ಲಿ ಒಂದು ಬಾಡಿಗೆ ಕೋಣೆ, ವಾರಕ್ಕೆ ಮೂರು ಸಲ ಆಸ್ಪತ್ರೆ, ಉಳಿದ ಹೊತ್ತು ನಮ್ಮ ಶೆಡ್ಡಿನಲ್ಲಿ ತೊಟ್ಟಿ ತೊಳೆಯುವ ಕೆಲಸ.

ತೊಟ್ಟಿ ತೊಳೆಯಲು ಬಂದವರು ಆರೇ ತಿಂಗಳಲ್ಲಿ ನನ್ನ ಮೇಜಿನ ಪಕ್ಕಕ್ಕೆ ಹೇಗೆ ಬಂದರು ಎಂದು ಹೇಳಬೇಕಾದರೆ, ಅಲ್ಲಿ ನಾವು ಏನು ಮಾಡುತ್ತಿದ್ದೆವು ಎಂಬುದನ್ನು ಹೇಳಬೇಕು. ನಮ್ಮ ಸಾಹೇಬರದು ಮೂಲತಃ ನೀರಿನ ಫಿಲ್ಟರ್ ಫ್ಯಾಕ್ಟರಿ. ಕೂದಲಿನಷ್ಟು ಸಣ್ಣ, ಒಳಗೆ ಟೊಳ್ಳಾದ ಎಳೆಗಳನ್ನು ಕಟ್ಟುಕಟ್ಟಾಗಿ ಕೊಳವೆಯಲ್ಲಿ ತುಂಬುತ್ತಿದ್ದರು. ಡಯಾಲಿಸಿಸ್ಸಿನಲ್ಲೂ ಅಂಥವೇ ಎಳೆಗಳು. ಎಳೆಯ ಒಳಗೆ ರಕ್ತ, ಹೊರಗೆ ನೀರು, ರಕ್ತದ ಕೊಳೆಯೆಲ್ಲ ಎಳೆಯ ಗೋಡೆ ದಾಟಿ ನೀರಿಗೆ ಬರುತ್ತದೆ. ಆ ಕೊಳೆಯಲ್ಲಿ ಮುಖ್ಯವಾದದ್ದು ಯೂರಿಯಾ. ಯೂರಿಯಾವನ್ನು ಒಡೆದುಹಾಕುವ ಒಂದು ಕಿಣ್ವ ಇದೆ. ಅದನ್ನು ಎಳೆಯ ಮೈಗೇ ಕೂರಿಸಿಬಿಟ್ಟರೆ, ಒಂದೆರಡು ಬಿಂದಿಗೆ ನೀರನ್ನೇ ಮತ್ತೆ ಮತ್ತೆ ತಿರುಗಿಸಿ ರಕ್ತ ತೊಳೆಯಬಹುದು, ಮೆಷಿನ್ನನ್ನು ನೀರಿಲ್ಲದ ಊರಿಗೂ ಒಯ್ಯಬಹುದು ಎಂಬುದು ಸಾಹೇಬರ ಕನಸು. ಆ ಕನಸಿಗೆ ಸಂಬಳಕ್ಕಿದ್ದವಳು ನಾನು. ತುಮಕೂರಿನಲ್ಲಿ ಎಂಎಸ್ಸಿ ಮುಗಿಸಿ, ಮಾದನಾಯಕನಹಳ್ಳಿಯ ಚಿಕ್ಕಮ್ಮನ ಮನೆಯಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದೆ. ತುಮಕೂರು ರಸ್ತೆಯ ತುಂಬ ಅಗೆದು ಗುಡ್ಡೆ ಹಾಕಿದ್ದ ಕಾಲ. ಮುಖಕ್ಕೆ ಹಾಕಿದ ಪೌಡರ್ ಯಾವುದು, ರಸ್ತೆಯ ಧೂಳು ಯಾವುದು ಎಂದು ಸಂಜೆಯೊಳಗೆ ಗೊತ್ತಾಗುತ್ತಿರಲಿಲ್ಲ.

ಮೊದಮೊದಲು ನನ್ನ ಕಿಣ್ವ ಎಳೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಒಂದು ದಿನ ಜೋರು ಜೋರಾಗಿ ಬೈದುಕೊಳ್ಳುತ್ತಿದ್ದೆ. ಕಾಕಾ ಪೊರಕೆ ಗೋಡೆಗೆ ಒರಗಿಸಿ ಬಂದು, ಇದನ್ನು ಮುಟ್ಟಬಹುದೇ ಎಂದು ಕೇಳಿ, ಒಂದು ಎಳೆಯನ್ನು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಕಿವಿಯ ಹತ್ತಿರ ಹಿಡಿದರು. ಅವರ ಉಗುರುಗಳ ಬುಡದಲ್ಲಿ ಆಗಲೂ ನೀಲಿ ಇತ್ತು. ಊರು ಬಿಟ್ಟು ತಿಂಗಳುಗಳಾದರೂ ಹೋಗದ ನೀಲಿ.

"ಅಕ್ಕಾರ, ಇದು ಅಂಟ್ಕೊಂಡೈತಿ ಅಷ್ಟ. ಹಿಡದಿಲ್ರಿ. ಅಂಟೂದು ಬ್ಯಾರೆ, ಹಿಡಿಯೂದು ಬ್ಯಾರೆ."

ನನಗಿಂತ ದೊಡ್ಡ ಮಗಳಿದ್ದ ಆ ಮನುಷ್ಯ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಆಮೇಲೆ ಕೇಳಿದರು, ಬಣ್ಣಕ್ಕೂ ನೂಲಿಗೂ ನಡುವೆ ಒಬ್ಬ ಇರಬೇಕಲ್ಲ, ನಿಮ್ಮಲ್ಲಿ ಆ ನಡುವಿನವನು ಯಾರು ಎಂದು. ಬಣ್ಣದವರಿಗೆ ಅದು ಪಟಿಕ. ನನಗೆ ಅದು ಸಣ್ಣ ಬಾಟಲಿಯ ಕೊಂಡಿ ರಸಾಯನ, ಒಂದು ಕೈಯಲ್ಲಿ ಎಳೆಯನ್ನೂ ಇನ್ನೊಂದು ಕೈಯಲ್ಲಿ ಕಿಣ್ವವನ್ನೂ ಹಿಡಿದುಕೊಳ್ಳುವಂಥದ್ದು. ನಾನು ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಿದ್ದೆ. ಮೊದಲು ನಡುವಿನವನನ್ನು ಕೂರಿಸಿ, ತೊಳೆದು, ಅವನು ನಿಂತದ್ದನ್ನು ಖಾತ್ರಿ ಮಾಡಿಕೊಂಡು ಆಮೇಲೆ ಹೆಪ್ಪು ಹಾಕಿ ಎಂದರು. ಹೆಪ್ಪು ಎಂದರೆ ಕಿಣ್ವ. ಕೊನೆಯವರೆಗೂ ಅವರು ಅದನ್ನು ಹೆಪ್ಪು ಎಂದೇ ಕರೆದರು. ಅವರು ಹೇಳಿದ ಹಾಗೆ ಮಾಡಿದೆ, ನಿಂತಿತು. ಎಂಎಸ್ಸಿ ಪುಸ್ತಕದಲ್ಲಿ ಅದೆಲ್ಲ ಇತ್ತು ಕಣ್ರೀ, ನಾನು ಓದಿಯೂ ಇದ್ದೆ. ಓದಿದ್ದು ಅಂಟಿಕೊಂಡಿತ್ತು, ಹಿಡಿದಿರಲಿಲ್ಲ ಅಷ್ಟೆ.

ಅಂದಿನಿಂದ ತೊಳೆಯುವ ಕೆಲಸ ಪೂರ್ತಿ ಅವರದಾಯಿತು. ಹನ್ನೆರಡು ನೀರು ತೊಳೆಯಬೇಕು. ಅವರು ಎಣಿಸುವುದನ್ನು ಮೊದಲ ಸಲ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಲಾಭ, ಎರಡು, ಮೂರು ಎಂದು ಎಣಿಸುತ್ತಿದ್ದರು. ಈ ಮನುಷ್ಯನಿಗೆ ಫ್ಯಾಕ್ಟರಿಯ ಲಾಭದ ಚಿಂತೆ ಯಾಕಪ್ಪಾ ಎಂದುಕೊಂಡು, ಲಾಭವನ್ನು ಲೆಕ್ಕದಿಂದ ಬಿಟ್ಟು ಹನ್ನೊಂದು ತೊಳೆತ ಎಂದು ಬರೆದುಬಿಟ್ಟಿದ್ದೆ. ಆಮೇಲೆ ಸ್ಟೋರ್‌ಕೀಪರ್ ನಕ್ಕು ಹೇಳಿದರು, ಕಾಳು ಅಳೆಯುವವರು ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ ಎಂದು. ನಮ್ಮ ತುಮಕೂರಲ್ಲೂ ಅನ್ನುತ್ತಾರಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಬುದ್ಧಿಯೂ ನನಗೆ ಆಗ ಇರಲಿಲ್ಲ.

ಪರೀಕ್ಷೆಗೆ ನಮ್ಮಲ್ಲಿ ಒಂದು ಹಳದಿ ದ್ರವ ಇತ್ತು. ಅದಕ್ಕೆ ಯೂರಿಯಾ ಬೆರೆಸಿ ಎಳೆಗಳ ಮೂಲಕ ಹಾಯಿಸಿದರೆ, ಕಿಣ್ವ ಕೆಲಸ ಮಾಡುತ್ತಿದ್ದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ಒಳ್ಳೆಯದು. ತೊಳೆದ ನೀರಿಗೂ ಅದನ್ನೇ ಹಾಕಿ ನೋಡಬೇಕು. ಅಲ್ಲಿ ಗುಲಾಬಿ ಬಂದರೆ ಕಿಣ್ವ ಎಳೆಯನ್ನು ಬಿಟ್ಟು ನೀರಿಗೆ ಬಂದಿದೆ ಎಂದರ್ಥ. ಅದು ಕೆಟ್ಟದ್ದು. ಕೆಟ್ಟದ್ದು ಎಂದರೆ, ಹಾಗೆ ಬಿಟ್ಟುಕೊಂಡ ಕಿಣ್ವ ರೋಗಿಯ ರಕ್ತಕ್ಕೆ ಹೋದರೆ ಮೈ ಅದನ್ನು ಹೊರಗಿನ ಶತ್ರು ಎಂದು ತಿಳಿದು ತಿರುಗಿ ಬೀಳುತ್ತದೆ, ಜೀವಕ್ಕೇ ಬರಬಹುದು. ಒಂದೇ ಗುಲಾಬಿ, ಒಂದು ಕಡೆ ಸಿಹಿ ಹಂಚಬೇಕು, ಇನ್ನೊಂದು ಕಡೆ ತಲೆಯ ಮೇಲೆ ಕೈ ಹೊತ್ತು ಕೂರಬೇಕು.

ಎರಡೂ ಪರೀಕ್ಷೆ ನೋಡಿ ಕಾಕಾ ತಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ, ಒಂದು ಲಾಟ್ ಎಳೆಗಳಿಗೆ ಒಂದೇ ಮಾತು ಬರೆಯುತ್ತಿದ್ದರು. ಹೆಚ್ಚಾಗಿ, "ಹಿಡದೈತಿ." ಅದನ್ನು ನೋಡಿ ನಾನು ಇಂಗ್ಲಿಷಿನಲ್ಲಿ ಮೂರು ಪುಟದ ರಿಪೋರ್ಟ್ ಬರೆಯುತ್ತಿದ್ದೆ. ಮೊದಮೊದಲು ಅವರು ನೋಡಿದ್ದನ್ನು ನಾನೂ ಮತ್ತೊಮ್ಮೆ ನೋಡುತ್ತಿದ್ದೆ. ಅವರದು ಎಂದೂ ತಪ್ಪಾಗಲಿಲ್ಲ, ನೋಡುವುದನ್ನು ಬಿಟ್ಟೆ. ನನ್ನ ರಿಪೋರ್ಟ್ ಒಂದು ಚಿತ್ತೂ ಇಲ್ಲದೆ ಇರುತ್ತದೆ ಎಂದು ಸಾಹೇಬರು ಎಲ್ಲರೆದುರು ಹೊಗಳುತ್ತಿದ್ದರು. ಹೊಗಳಿದರೆ ಉಬ್ಬುವ ಜಾತಿ ನಾನು.

ಕಾಕಾನ ಹೆಂಡತಿಯನ್ನು ನಾನು ನೋಡಿದ್ದು ನಾಲ್ಕೈದು ಸಲ. ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದು, ಅವರ ಪಾಳಿ ಮುಗಿಯುವವರೆಗೆ ಗೇಟಿನ ಒಳಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಣಗಿದ ಮುಖ, ಊದಿದ ಪಾದ, ಮೈಮೇಲೆ ಮಾತ್ರ ಕಣ್ಣು ಕೋರೈಸುವ ದಾಳಿಂಬೆ ಕೆಂಪಿನ ಸೀರೆ. ಆ ಕೆಂಪನ್ನು ಹಾಕಿದವರು ಕಾಕಾನೇ ಅಂತೆ, ಮದುವೆಯಾದ ವರ್ಷ. ನಾನು ಸೆರಗನ್ನು ಮುಟ್ಟಿ ನೋಡಿದೆ. ಆಕೆ ಹೇಳಿದರು, ಇಷ್ಟು ವರ್ಷ ಒಗೆದಿದ್ದೇನೆ, ಒಂದು ದಿನವೂ ನೀರು ಕೆಂಪಾಗಿಲ್ಲ, ನನ್ನ ರಕ್ತಕ್ಕಿಂತ ಈ ಸೀರೆಯೇ ಗಟ್ಟಿ ಎಂದು. ಹೇಳಿ ನಕ್ಕರು. ಕಾಕಾ ನಗಲಿಲ್ಲ, ಒಳಗೆ ಹೋಗಿ ಆಕೆಗೆ ಅಳತೆಯ ಅರ್ಧ ಲೋಟ ನೀರು ತಂದರು. ಡಯಾಲಿಸಿಸ್ಸಿನವರಿಗೆ ನೀರೂ ಅಳತೆಯೇ.

ಕುರಿಗಳ ಮೇಲಿನ ಪರೀಕ್ಷೆ ಚೆನ್ನಾಗಿ ಆಯಿತು. ಮನುಷ್ಯರ ಮೇಲೆ ಮಾಡಲು ಆಸ್ಪತ್ರೆಯ ಸಮಿತಿ ಒಪ್ಪಿಗೆ ಕೊಟ್ಟಿತು, ಐದು ಜನ ರೋಗಿಗಳು. ಆ ಐವರಲ್ಲಿ ಕಾಕಾನ ಹೆಂಡತಿ ಒಬ್ಬರು. ಕಾಕಾ ಸಾಹೇಬರ ಬಳಿ ಹೋಗಿ ಕೇಳಿಕೊಂಡಿದ್ದರು, ಡಾಕ್ಟರೂ ಆಕೆಯನ್ನು ಪರೀಕ್ಷಿಸಿ ಆಗಬಹುದು ಎಂದಿದ್ದರು. ಇದು ಕೆಲಸಕ್ಕೆ ಬಂದರೆ ಆಕೆಯನ್ನು ಊರಿಗೆ ಕರೆದೊಯ್ಯಬಹುದು, ಬಣ್ಣದ ಮನೆಯ ಬೀಗ ತೆಗೆಯಬಹುದು. ಆ ವಾರ ಕಾಕಾ ಮಾತು ಕಡಿಮೆ ಮಾಡಿದರು. ಒಂದು ಜೊತೆ ಗ್ಲೌಸ್ ಹಾಕಲೂ ಗೊಣಗುತ್ತಿದ್ದವರು ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡು ತೊಳೆದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೊಳೆದರು ಎಂದೇ ಹೇಳಬೇಕು.

ಅದೇ ವಾರ ನನ್ನ ಕೆಲಸ ಕಾಯಂ ಆಗುವುದಿತ್ತು. ರಿಪೋರ್ಟ್ ಸೋಮವಾರದೊಳಗೆ ಬೇಕು ಎಂದು ಸಾಹೇಬರು ಹೇಳಿದ್ದರು. ಕೊಂಡಿ ರಸಾಯನದ ಹೊಸ ಬಾಟಲಿ ಬಂದಿರಲಿಲ್ಲ, ಹಳೆಯದರ ತಳದಲ್ಲಿದ್ದದ್ದನ್ನೇ ಬಳಸಿದೆ. ಎಳೆಗಳ ಮೂಲಕ ಹಳದಿ ಹಾಯಿಸಿದೆ, ಚೆಂದದ ಗುಲಾಬಿ ಬಂತು. ತೊಳೆದ ನೀರನ್ನು ಕಾಕಾ ನೋಡಿದರು. ಸೋಮವಾರ ನಾನು ನೋಟ್‌ಬುಕ್ ತೆರೆದಾಗ ಎಂದಿನ ಮಾತು ಇರಲಿಲ್ಲ. "ಬಣ್ಣ ಬಿಟ್ಟೈತಿ" ಎಂದಿತ್ತು. ಬಣ್ಣ ಬಿಟ್ಟಿದೆ, ಅಂದರೆ ಗುಲಾಬಿ ಚೆನ್ನಾಗಿ ಬಂದಿದೆ, ನಾನೂ ಕಣ್ಣಾರೆ ನೋಡಿದ್ದೇನಲ್ಲ ಎಂದು ಓದಿಕೊಂಡೆ. ಪಾಸ್ ಎಂದು ರಿಪೋರ್ಟ್ ಬರೆದು ಕೊಟ್ಟೆ. ಅವತ್ತೇ ಮಧ್ಯಾಹ್ನ ಕೊಳವೆಗಳನ್ನು ಪೆಟ್ಟಿಗೆಗೆ ತುಂಬಿ ಆಸ್ಪತ್ರೆಗೆ ಕಳಿಸಿದರು. ಶುಕ್ರವಾರ ಮೊದಲ ರೋಗಿ.

ಪೆಟ್ಟಿಗೆಗೆ ಟೇಪು ಸುತ್ತುವಾಗ ಕಾಕಾ ಬಂದು ನನ್ನ ಪಕ್ಕ ನಿಂತರು. ನಾನು ಬರೆದಿದ್ದನ್ನು ನೋಡಿದಿರಾ ಎಂದು ಕೇಳಿದರು. ನೋಡಿದೆ ಕಾಕಾ, ಸಕ್ಕತ್ತಾಗಿ ಬಿಟ್ಟಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗ್ಲೌಸ್ ಬಿಚ್ಚಿಕೊಂಡು ಹೋದರು.

ಮಂಗಳವಾರ ಬಂದರು, ಬುಧವಾರ ಬಂದರು. ತೊಟ್ಟಿ ತೊಳೆದರು, ಎಳೆ ತೊಳೆದರು. ಎರಡೂ ದಿನ ಲಾಭ ಎನ್ನಲಿಲ್ಲ, ಬಾಯಿ ಬಿಡದೆ ಎಣಿಸಿದರು.

ಗುರುವಾರ ಬೆಳಿಗ್ಗೆ ಹನ್ನೊಂದರ ಟೀ. ಕ್ಯಾಂಟೀನಿಗೆ ಹೊಸ ಟೀಪುಡಿ ಬಂದಿತ್ತು. ನಾನು ಲೋಟ ಎತ್ತಿ ನೋಡಿ, ಇವತ್ತು ಟೀ ಬಣ್ಣ ಚೆನ್ನಾಗಿ ಬಿಟ್ಟಿದೆ ಕಣ್ರೀ ಎಂದು ಸ್ಟೋರ್‌ಕೀಪರಿಗೆ ಹೇಳಿದೆ. ಕಾಕಾ ಎದುರು ಬೆಂಚಿನಲ್ಲಿದ್ದರು. ಅವರು ತಮ್ಮ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟರು.

"ಅಕ್ಕಾರ, ನಿಮಗ ಬಣ್ಣ ಬಿಡೂದು ಅಂದ್ರ ಚಲೋದೇನ್ರಿ?"

ಮೊದಲು ನನಗೆ ಅರ್ಥವಾಗಲಿಲ್ಲ. ಚಹಾಕ್ಕೆ ಒಳ್ಳೆಯದೇ ಅಲ್ಲವೇ ಎಂದೆ. ಅವರು ಟೀ ಕಡೆ ನೋಡದೆ, ನೂಲಿಗ್ರಿ, ಎಂದರು. ಆಮೇಲೆ ಹೇಳಿದರು, ನೂಲು ಬಣ್ಣ ಬಿಟ್ಟಿತು ಎಂದರೆ ಕೆಟ್ಟಿತು ಎಂದು, ಹನ್ನೆರಡನೆಯ ನೀರೂ ಗುಲಾಬಿಯಾಗಿತ್ತು ಎಂದು. ಸಾಹೇಬರ ಕೋಣೆಗೆ ಓಡಿದೆ. ಅವರು ಆಸ್ಪತ್ರೆಗೆ ಫೋನ್ ಮಾಡಿದರು. ಪೆಟ್ಟಿಗೆ ಇನ್ನೂ ಒಡೆದಿರಲಿಲ್ಲ. ಶುಕ್ರವಾರದ ಮೊದಲ ರೋಗಿ ಯಾರು ಎಂದು ಆ ಫೋನಿನಲ್ಲೇ ಗೊತ್ತಾಯಿತು. ಕಾಕಾನ ಹೆಂಡತಿ.

ಸಾಹೇಬರು ಸ್ಟೋರ್‌ಕೀಪರ್ ಕೈಯಲ್ಲಿ ನೋಟ್‌ಬುಕ್ ತರಿಸಿ, ನಮ್ಮಿಬ್ಬರನ್ನೂ ನಿಲ್ಲಿಸಿ, ಇದು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹೇಳಿದರು, "ನಂದ ತಪ್ಪರಿ ಸಾಹೇಬ್ರ. ನಾ ಬರಿಯೂದು ಬರೋಬ್ಬರಿ ಇಲ್ಲ. ಅಕ್ಕಾರಿಗೆ ತಿಳೀಲಿಲ್ಲ."

ಬಾಯಿ ತೆರೆಯುವಷ್ಟರಲ್ಲಿ ಎಂದು ಬರೆದೆ. ಅದೂ ನಿಜವೋ ಸುಳ್ಳೋ. ನಾನು ಬಾಯಿ ತೆರೆಯುತ್ತಿದ್ದೆನೇ? ತೆರೆಯುವ ಮನಸ್ಸಿದ್ದರೆ ಅವರು ಹೇಳಿದ ಮೇಲೂ ತೆರೆಯಬಹುದಿತ್ತು. ನೋಡು ಗುರು, ಲ್ಯಾಬ್ ರಿಜಿಸ್ಟರ್‌ನ ಓದು ಬರಹ ಇಲ್ಲದವರ ಕೈಗೆ ಕೊಟ್ರೆ ಹಿಂಗೇ ಆಗೋದು ಎಂದು ಸಾಹೇಬರು ಸ್ಟೋರ್‌ಕೀಪರ್ ಕಡೆ ತಿರುಗಿ ಅಂದರು. ಓದು ಬರಹ ಇದ್ದವಳು ನಾನು ನೆಲ ನೋಡುತ್ತಾ ನಿಂತಿದ್ದೆ. ತೊಳೆತದ ಪರೀಕ್ಷೆಯನ್ನು ಅವರಿಂದ ಕಿತ್ತುಕೊಂಡರು, ಕಾಕಾ ಮತ್ತೆ ಪೊರಕೆ ಹಿಡಿದರು. ತಿಂಗಳಾದ ಮೇಲೆ ನಾನು ಕಾಯಂ ಆದೆ. ಶೆಡ್ಡಿನಲ್ಲಿ ಅವರ ಹೆಸರು 'ಬಣ್ಣ ಬಿಟ್ಟ ಕಾಕಾ' ಎಂದಾಯಿತು. ಕರೆಯುವವರಿಗೆ ತಮಾಷೆ, ನನಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ.

ಸಮಿತಿಯವರು ಒಪ್ಪಿಗೆಯನ್ನು ತಡೆಹಿಡಿದರು. ಮತ್ತೆ ಕೊಡಲಿಲ್ಲ. ಕನಸು ಬಿಟ್ಟು ಸಾಹೇಬರು ನೀರಿನ ಫಿಲ್ಟರಿಗೇ ಮರಳಿದರು. ಕಾಕಾನ ಹೆಂಡತಿ ಮಾಮೂಲಿ ಡಯಾಲಿಸಿಸ್ಸಿನಲ್ಲೇ ಇನ್ನೊಂದು ವರ್ಷ ಬದುಕಿದರು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರು ಅದೇ ಕಟ್ಟೆಯ ಮೇಲೆ ಒರಗಿದರು, ಏಳಲಿಲ್ಲ. ಹದಿನೈದು ದಿನಕ್ಕೆ ಕಾಕಾ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಟರು.

ಹೊರಟ ದಿನ ಬಸ್ ಸ್ಟಾಪಿನವರೆಗೆ ನಾನು ಜೊತೆಗೆ ಹೋದೆ. ಕ್ಷಮೆ ಕೇಳಲು ಹೋದವಳು. ಆದರೆ ಬಾಯಿಂದ ಬಂದದ್ದು ಕ್ಷಮೆಯಲ್ಲ, ಜಗಳ. ಪೆಟ್ಟಿಗೆ ಕಟ್ಟುವಾಗ ಪಕ್ಕದಲ್ಲೇ ನಿಂತಿದ್ದಿರಿ, ಮೂರು ದಿನ ಸುಮ್ಮನಿದ್ದಿರಿ, ನಿಮ್ಮ ಹೆಂಡತಿಯೇ ಅದರಲ್ಲಿ ಇದ್ದರು, ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟೆ. ಅವರು ಟ್ರಂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ನೀವು ಓದಿದವರು, ನೋಡಿಯೂ ಕಳಿಸಿದಿರಿ ಎಂದ ಮೇಲೆ ನನಗೆ ತಿಳಿಯದ್ದು ಏನೋ ಇರಬೇಕು ಅಂದುಕೊಂಡೆ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಬಸ್ಸು ಬಂತು. ಹತ್ತುವಾಗ ತಿರುಗಿ ಹೇಳಿದರು.

"ನನಗೂ ಬೇಕಾಗಿತ್ತಲ್ರೀ ಅಕ್ಕಾರ."

ಆ ಮಾತನ್ನು ಏನು ಮಾಡಬೇಕೋ ನನಗೆ ಇಂದಿಗೂ ತಿಳಿಯದು. ಗುರುವಾರ ಟೀಯ ಮಾತು ಬರದೇ ಹೋಗಿದ್ದರೆ ಶುಕ್ರವಾರ ಆ ಮನುಷ್ಯ ಹೆಂಡತಿಯನ್ನು ಮಲಗಿಸಿ ಸುಮ್ಮನಿರುತ್ತಿದ್ದರೇ? ಉಳಿದ ನಾಲ್ವರನ್ನೂ? ಇಲ್ಲ, ಇರುತ್ತಿರಲಿಲ್ಲ ಎಂದು ಕೆಲವು ದಿನ ಅನ್ನಿಸುತ್ತದೆ. ಇನ್ನು ಕೆಲವು ದಿನ, ಅವರ ಮೇಲೆ ಕೆಟ್ಟ ಕೋಪ ಬರುತ್ತದೆ. ಕೋಪ ಬಂದ ದಿನ ನಾನು ಹೆಚ್ಚು ಹಗುರವಾಗಿರುತ್ತೇನೆ ಎಂಬುದನ್ನೂ ಗಮನಿಸಿದ್ದೇನೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಬೇಡ. ಬಣ್ಣ ಬಿಟ್ಟೈತಿ ಎಂಬುದು ಬಾಗಲಕೋಟೆ ಕಡೆಯ ಮಾತು, ನಮಗೆ ತಿಳಿಯಲಿಲ್ಲ ಎಂದು ಎಷ್ಟೋ ಜನಕ್ಕೆ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ನಕ್ಕು ಒಪ್ಪಿದ್ದಾರೆ. ಆದರೆ ನಮ್ಮಮ್ಮ ಹೊಸ ಸೀರೆ ತಂದಾಗಲೆಲ್ಲ ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಬಣ್ಣ ಬಿಡುತ್ತೆ ಕಣೇ, ನಿನ್ನ ಬಿಳಿ ಯೂನಿಫಾರಂ ಅದಕ್ಕೆ ಹಾಕಬೇಡ ಎಂದು ಕೂಗುತ್ತಿದ್ದಳು. ತುಮಕೂರಿನಲ್ಲಿ, ಅಚ್ಚ ಕನ್ನಡದಲ್ಲಿ, ಇದೇ ಮಾತು. ಟೀಗೂ ಅದೇ ಮಾತು, ಸೀರೆಗೂ ಅದೇ ಮಾತು, ಎರಡೂ ನನಗೆ ಹುಟ್ಟಿದಾಗಿನಿಂದ ಗೊತ್ತು. ಬರೆದವರು ಬಣ್ಣಗಾರರು ಎಂಬುದೂ ಗೊತ್ತು. ಆ ಸೋಮವಾರ ನಾನು ಟೀಯ ಅರ್ಥವನ್ನೇ ಯಾಕೆ ಹಿಡಿದುಕೊಂಡೆ?

ನನಗೂ ಬೇಕಾಗಿತ್ತು.

ಶೆಡ್ಡು ಬೇರೆ ಕಡೆಗೆ ಹೋದಾಗ ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕುತ್ತಿದ್ದರು. ಕಾಕಾನ ನೋಟ್‌ಬುಕ್ಕನ್ನೂ ನನ್ನ ಆ ರಿಪೋರ್ಟಿನ ಪ್ರತಿಯನ್ನೂ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಮೊನ್ನೆ ಫೋನ್ ಬಂದ ಮೇಲೆ, ಒಲೆ ಒರೆಸಿ, ಅಟ್ಟದಿಂದ ಇಳಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ಪುಟದಲ್ಲಿ ಬಣ್ಣ ಬಿಟ್ಟೈತಿ ಎಂಬುದಕ್ಕಿಂತ ಮೊದಲು ಇನ್ನೆರಡು ಅಕ್ಷರ ಇವೆ. ಅಂದೂ ಇದ್ದವು, ನಾನು ನೋಡಿಯೂ ಇದ್ದೆ, ಏನೋ ಚಿತ್ತು ಎಂದು ದಾಟಿಹೋಗಿದ್ದೆ. ಎಂದಿನ ಮಾತನ್ನೇ 'ಹಿಡ' ಎಂದು ಬರೆಯತೊಡಗಿ, ಅಲ್ಲಿಗೇ ನಿಲ್ಲಿಸಿ, ಪೆನ್ಸಿಲ್ ಒತ್ತಿ ಗೆರೆ ಹೊಡೆದಿದ್ದಾರೆ. ಕಾಗದ ಸ್ವಲ್ಪ ಹರಿದಿದೆ. ಆಮೇಲೆ ಇದ್ದದ್ದನ್ನು ಬರೆದಿದ್ದಾರೆ.

ನನ್ನ ರಿಪೋರ್ಟಿನ ಮೂರೂ ಪುಟಗಳನ್ನು ತಿರುವಿ ಹಾಕಿದೆ. ಎಲ್ಲೂ ಒಂದು ಚಿತ್ತಿಲ್ಲ.